ಕೋರ್ಟ್ ಗೆದ್ರೂ ಸಾಲಿಗೆ ಕೀಲಿ

ಪ್ರಶ್ನೆ: ಸರ್, ಅಮೆರಿಕಾದಾಗ ಬಿಳಿ ಹುಡುಗುರಿಗೆ ಒಂದು ಸಾಲಿ, ಕಪ್ಪು ಹುಡುಗುರಿಗೆ ಒಂದು ಸಾಲಿ ಅನ್ನೋದನ್ನ 1954ರಾಗೇ ಸುಪ್ರೀಂ ಕೋರ್ಟ್ ರದ್ದು ಮಾಡ್ಯದಂತ, ಹಂಗಿದ್ರ ಕಪ್ಪು ಹುಡುಗುರು ಇನ್ನೂ ಯಾಕ ಹಿಂದ ಉಳದಾರ?
— ಬಿ.ಎಡ್. ವಿದ್ಯಾರ್ಥಿನಿ, ಸೇಡಂ

ಉತ್ತರ: ಖರೇ ತಂಗಿ, ಬ್ರೌನ್ ಕೇಸಿನ ತೀರ್ಪು 1954ರ ಮೇ 17ಕ್ಕ ಬಂತು, ಆದ್ರ ಯಾವಾಗಿನ ಒಳಗ ಜಾರಿ ಮಾಡ್ಬೇಕು ಅಂತ ಕೋರ್ಟು ತಾರೀಖೇ ಹಾಕ್ಲಿಲ್ಲ, ಅದನ್ನೇ ಹಿಡ್ಕೊಂಡು ದಕ್ಷಿಣದ ರಾಜ್ಯದವ್ರು ವರ್ಷಗಟ್ಟಲೆ ಎಳದ್ರು.

ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿದೇ ನೋಡ್ರಿ. ಫಾರ್ಮ್‌ವಿಲ್ ಊರಾಗ ಕಪ್ಪು ಹುಡುಗುರ ಹೈಸ್ಕೂಲು 180 ಮಂದಿಗಂತ ಕಟ್ಟಿದ್ದು, ಓದೋರು 450, ಜಾಗ ಸಾಲ್ದೇ ಟಾರ್ ಕಾಗದ ಹೊದಿಸಿದ ಶೆಡ್ಡು, ಮಳಿ ಬಂದ್ರ ಸೋರೋದು, ಚಳಿಗಾಲದಾಗ ಒಲಿ ಬಾಜೂಕ ಕುಂತವ್ರಿಗೆ ಸೆಕಿ, ದೂರ ಕುಂತವ್ರು ಕೋಟ್ ಹಾಕ್ಕೊಂಡೇ ಪಾಠ ಕೇಳ್ಬೇಕು. 1951ರಾಗ ಬಾರ್ಬರಾ ಜಾನ್ಸ್ ಅನ್ನೋ 16 ವರ್ಷದ ಹುಡುಗಿ ಎಲ್ಲಾರನ್ನೂ ಹೊರಗ ಕರ್ಕೊಂಡು ಬಂದು ಸ್ಟ್ರೈಕ್ ಮಾಡಿದ್ಲು, ಅದರಿಂದ ಹುಟ್ಟಿದ ಕೇಸು ಬ್ರೌನ್ ಕೇಸಿನ್ಯಾಗ ಕೂಡಿ ಗೆದ್ದೂ ಬಿಡ್ತು. ಆದ್ರ ಒಟ್ಟಿಗೆ ಕುಂದ್ರಿಸೋದು ಬಂದಾಗ ಕೌಂಟಿಯವ್ರು ಏನ್ ಮಾಡಿದ್ರು? 1959ರಾಗ ಸರ್ಕಾರಿ ಸಾಲಿಗೇ ಕೀಲಿ ಜಡದ್ರು! ಬಿಳಿ ಹುಡುಗುರಿಗೆ ಪ್ರೈವೇಟ್ ಅಕಾಡೆಮಿ ಆಯ್ತು, ಕಪ್ಪು ಹುಡುಗುರದಾಗ ಕೆಲವ್ರು ಸಂಬಂಧಿಕರ ಊರಿಗೆ ಹೋದ್ರು, ಭಾಳ ಮಂದಿ ಓದೇ ಬಿಟ್ರು. 1964ರಾಗ ಸುಪ್ರೀಂ ಕೋರ್ಟ್ ಮತ್ತ ಹೇಳಿದ ಮ್ಯಾಲೇ ಸರ್ಕಾರಿ ಸಾಲಿ ತೆರದ್ರು. ಎರಡನೇತ್ತಿಗೆ ನಿಂತ ಕೂಸು ಏಳನೇತ್ತಿಗೆ ಹ್ಯಾಂಗ ಕುಂದ್ರತದ ಹೇಳ್ರಿ.

ಮಾಸ್ತರು ಆಗೋರು ನೀವು, ಇದೂ ಗೊತ್ತಿರ್ಲಿ: ಸಾಲಿ ಒಂದ್ ಮಾಡುವಾಗ ಭಾಳ ಕಡಿ ಕಪ್ಪು ಸಾಲಿನೇ ಮುಚ್ಚಿದ್ರು, ಸಾವಿರಾರು ಕಪ್ಪು ಮಾಸ್ತರು, ಹೆಡ್‌ಮಾಸ್ತರು ನೌಕರಿ ಕಳ್ಕೊಂಡ್ರು. ಇದನ್ನ ಯಾರೂ ಜಾಸ್ತಿ ಹೇಳಲ್ಲ.

ಈಗ ಬ್ಯಾರೆ ಸಾಲಿ ಅಂತ ಕಾನೂನು ಇಲ್ಲ, ಆದ್ರ ಎಂಥಾ ಸಾಲಿ ಸಿಗ್ತದ ಅನ್ನೋದು ಮನಿ ಅಡ್ರೆಸ್ ಮ್ಯಾಲೆ ಅದ. ಸೇಡಂ ಸರ್ಕಾರಿ ಮಾಸ್ತರಿಗೂ ಬೆಂಗಳೂರು ಸರ್ಕಾರಿ ಮಾಸ್ತರಿಗೂ ಪಗಾರ ರಾಜ್ಯ ಸರ್ಕಾರದ್ದೇ, ಅಲ್ಲಿ ಹಂಗಲ್ಲ, ಸಾಲಿ ರೊಕ್ಕದಾಗ ದೊಡ್ಡ ಪಾಲು ಆಯಾ ಊರಿನ ಮನಿ-ಜಾಗದ ಟ್ಯಾಕ್ಸಿಂದ ಬರ್ತದ. ಕಪ್ಪು ಮಂದಿ ಇರೋ ಓಣಿಗೆ ಬ್ಯಾಂಕಿನವ್ರು ದಶಕಗಟ್ಟಲೆ ಮನಿ ಸಾಲ ಕೊಡ್ತಿದ್ದಿಲ್ಲ, ಹಿಂಗಾಗಿ ಅಲ್ಲಿ ಮನಿ ಕಿಮ್ಮತ್ತೂ ಕಮ್ಮಿ, ಟ್ಯಾಕ್ಸೂ ಕಮ್ಮಿ. 1974ರಾಗ ಡೆಟ್ರಾಯಿಟ್ ಕೇಸಿನ್ಯಾಗ, ಕಪ್ಪು-ಬಿಳಿ ಹುಡುಗುರನ್ನ ಒಟ್ಟಿಗೆ ಕುಂದ್ರಿಸೋ ಯೋಜನಾದಾಗ ಊರ ಹೊರಗಿನ ಬಿಳಿಯರ ಬಡಾವಣಿ ಸಾಲಿಗಳನ್ನ ಸೇರಿಸಂಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿಬಿಡ್ತು.

ಆದ್ರೂ ಹಿಂದ ಉಳದಾರ ಅಂತ ಒಂದೇ ಮಾತಿನ್ಯಾಗ ಬರೀಬ್ಯಾಡ್ರಿ. ಎಲ್ಲಿ ಖರೇನೇ ಒಟ್ಟಿಗೆ ಕುಂದ್ರಿಸಿ ರೊಕ್ಕನೂ ಹಾಕಿದ್ರೋ ಅಲ್ಲಿ ಕಪ್ಪು ಹುಡುಗುರ ಓದೂ ಏರ್ಯದ, ಮುಂದ ಗಳಿಕಿನೂ ಏರ್ಯದ, ಬಿಳಿ ಹುಡುಗುರಿಗೆ ಏನೂ ಲುಕ್ಸಾನ್ ಆಗಿಲ್ಲ ಅಂತ ಅರ್ಥಶಾಸ್ತ್ರಜ್ಞ ರಕರ್ ಜಾನ್ಸನ್ ತೋರ್ಸ್ಯಾರ.