ಎಂಜಿನ್‌ಎಕ್ಸ್ ಸತ್ತರೂ ವರ್ಚುವಲ್ ಐಪಿ ಯಾಕೆ ಅಲ್ಲೇ ಕೂತಿದೆ?

ಪ್ರಶ್ನೆ: ಎರಡು ಲಿನಕ್ಸ್ ಸರ್ವರ್‌ಗಳಿಗೆ ಕೀಪ್‌ಅಲೈವ್‌ಡಿ (ಒಂದು ಬಿದ್ದರೆ ಎರಡಕ್ಕೂ ಸೇರಿದ ವಿಳಾಸವಾದ ವರ್ಚುವಲ್ ಐಪಿಯನ್ನು ಇನ್ನೊಂದಕ್ಕೆ ದಾಟಿಸುವ ಸಾಫ್ಟ್‌ವೇರ್) ಹಾಕಿದ್ದೇವೆ. ಮಾಸ್ಟರ್‌ನ (ಐಪಿ ಹಿಡಿದಿರುವ ಸರ್ವರ್‌ನ) ಪವರ್ ಕೇಬಲ್ ಕಿತ್ತರೆ ಐಪಿ ಇನ್ನೊಂದಕ್ಕೆ ಹೋಗುತ್ತದೆ. ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ ಮಾತ್ರ ನಿಂತರೆ ಕದಲುವುದಿಲ್ಲ. ಯಾಕೆ?

ಉತ್ತರ: ಕೇಬಲ್ ಕಿತ್ತು ನೋಡಿ ‘ಟೆಸ್ಟ್ ಆಯ್ತು’ ಅನ್ನುವವರು ಇರುವ ತನಕ ಈ ಪ್ರಶ್ನೆ ತಪ್ಪಿದ್ದಲ್ಲ. ಸರ್ವರ್ ಅಷ್ಟು ನೀಟಾಗಿ ಸಾಯುವುದೇ ಅಪರೂಪ. ಡಿಸ್ಕ್ ತುಂಬಿ, ಮೆಮೊರಿ ಮುಗಿದು ಅರೆಜೀವವಾಗಿ ಬಿದ್ದಿರುತ್ತದೆ. ಕೀಪ್‌ಅಲೈವ್‌ಡಿ ಬಳಸುವ ವಿಆರ್‌ಆರ್‌ಪಿ ಪ್ರೋಟೋಕಾಲ್ ನೋಡುವುದು ಮಾಸ್ಟರ್‌ನಿಂದ ಸೆಕೆಂಡಿಗೊಮ್ಮೆ ಪ್ಯಾಕೆಟ್ ಬರುತ್ತಿದೆಯೇ ಎಂದಷ್ಟೇ. ಅದನ್ನು ಕಳಿಸುವುದು ಕೀಪ್‌ಅಲೈವ್‌ಡಿ. ಎಂಜಿನ್‌ಎಕ್ಸ್ ಇದ್ದರೂ ಸತ್ತರೂ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ಟ್ರ್ಯಾಕ್ ಸ್ಕ್ರಿಪ್ಟ್ (ಎಂಜಿನ್‌ಎಕ್ಸ್ ಬದುಕಿದೆಯೇ ಎಂದು ಕೀಪ್‌ಅಲೈವ್‌ಡಿ ಆಗಾಗ ಓಡಿಸುವ ಪರೀಕ್ಷೆ) ಬರೆಯಲೇಬೇಕು. ಪ್ರೋಸೆಸ್ ಇದೆಯೇ ಎಂದು ನೋಡುವುದು ದಂಡ. ಹ್ಯಾಂಗ್ ಆದದ್ದಕ್ಕೂ ಪಿಐಡಿ (ಪ್ರೋಸೆಸ್ ಸಂಖ್ಯೆ) ಇರುತ್ತದೆ. 127.0.0.1ಕ್ಕೆ (ಅದೇ ಸರ್ವರ್‌ಗೆ) ಕರ್ಲ್ ಕಮಾಂಡ್‌ನಿಂದ ನಿಜವಾದ ವಿನಂತಿ ಕಳಿಸಿ, ಟೈಮ್‌ಔಟ್ 1 ಸೆಕೆಂಡ್. ‘ಫೇಲ್’ ಆಯ್ಕೆ ಮರೆಯಬೇಡಿ, ಇಲ್ಲದಿದ್ದರೆ 502 ಎರರ್ ಬಂದರೂ ಕರ್ಲ್ ಎಲ್ಲ ಸರಿ ಇದೆ ಅನ್ನುತ್ತದೆ. ಇಂಟರ್ವಲ್ 2 (ಎರಡು ಸೆಕೆಂಡಿಗೊಮ್ಮೆ ಪರೀಕ್ಷೆ), ಫಾಲ್ 3 (ಸತತ ಮೂರು ಸಲ ಸೋತರೆ ಫೇಲ್) ಇಟ್ಟರೆ ಸುಮಾರು 6 ಸೆಕೆಂಡಿನಲ್ಲಿ ಪತ್ತೆ. ಕರ್ಲ್ ಕೇಳುವ ಪುಟ ಡೇಟಾಬೇಸ್ ಮುಟ್ಟಬಾರದು. ಮುಟ್ಟಿದರೆ, ಡೇಟಾಬೇಸ್ ಬಿದ್ದ ದಿನ ಎರಡೂ ಸರ್ವರ್ ಒಟ್ಟಿಗೆ ಫೇಲ್ ಆಗುತ್ತವೆ.

ಎಡವುವುದು ವೇಟ್‌ನಲ್ಲಿ, ಅಂದರೆ ಸ್ಕ್ರಿಪ್ಟ್ ಫೇಲ್ ಆದಾಗ ಪ್ರಯಾರಿಟಿಯಿಂದ ಕಳೆಯುವ ಅಂಕದಲ್ಲಿ; ಪ್ರಯಾರಿಟಿ ಹೆಚ್ಚಿದ್ದ ಸರ್ವರ್‌ಗೇ ಐಪಿ. ಪ್ರಯಾರಿಟಿ 110 ಮತ್ತು 100 ಇದ್ದು ವೇಟ್ -5 ಕೊಟ್ಟರೆ ಮಾಸ್ಟರ್ 105ಕ್ಕೆ ಇಳಿದೂ ಗೆಲ್ಲುತ್ತದೆ, -20 ಬೇಕು. ಜೊತೆಗೆ ‘ನೋಪ್ರಿಎಂಪ್ಟ್’ ಇದ್ದರೆ ಅದೂ ಸಾಲದು: ತನ್ನ ಪ್ರಯಾರಿಟಿ ಹೆಚ್ಚಿದ್ದರೂ ಬ್ಯಾಕಪ್ ಸರ್ವರ್ ಐಪಿ ಕಿತ್ತುಕೊಳ್ಳುವುದಿಲ್ಲ. ಆಗ ವೇಟ್ ತೆಗೆದುಬಿಡಿ. ಸ್ಕ್ರಿಪ್ಟ್ ಫೇಲ್ ಆದಾಗ ಮಾಸ್ಟರ್ ನೇರ ಫಾಲ್ಟ್ ಸ್ಥಿತಿಗೆ ಹೋಗಿ ಐಪಿ ಬಿಟ್ಟುಕೊಡುತ್ತದೆ. ನೋಪ್ರಿಎಂಪ್ಟ್‌ಗೆ ಎರಡೂ ಕಡೆ ಸ್ಟೇಟ್ ‘ಬ್ಯಾಕಪ್’ ಎಂದೇ ಇರಬೇಕು. ನಾನಂತೂ ಹೀಗೇ ಇಡುವುದು; ಸರಿಹೋದ ಸರ್ವರ್ ತಾನಾಗಿಯೇ ಐಪಿ ಎಳೆದುಕೊಂಡು ಇನ್ನೊಮ್ಮೆ ಕನೆಕ್ಷನ್ ಕಡಿಯುವುದು ಯಾರಿಗೆ ಬೇಕು?

ಪ್ರಶ್ನೆ: ಎರಡೂ ಸರ್ವರ್‌ಗಳಲ್ಲಿ ಒಂದೇ ಐಪಿ ಕಾಣುತ್ತಿದೆ!

ಉತ್ತರ: ಫೈರ್‌ವಾಲ್ ವಿಆರ್‌ಆರ್‌ಪಿ ಪ್ಯಾಕೆಟ್ ತಡೆಯುತ್ತಿದೆ, ಹಾಗಾಗಿ ಎರಡೂ ತಾನೇ ಮಾಸ್ಟರ್ ಅಂದುಕೊಂಡಿವೆ. ವಿಆರ್‌ಆರ್‌ಪಿಯ 112 ಎನ್ನುವುದು ಪೋರ್ಟ್ ಅಲ್ಲ, ಐಪಿ ಪ್ರೋಟೋಕಾಲ್ ಸಂಖ್ಯೆ. ಅದನ್ನೂ ಅದು ಬಳಸುವ 224.0.0.18 ಮಲ್ಟಿಕಾಸ್ಟ್ ವಿಳಾಸವನ್ನೂ ಫೈರ್‌ವಾಲ್‌ನಲ್ಲಿ ಒಳಗೆ ಬಿಡಿ.

ಪ್ರಶ್ನೆ: ಫೇಲ್‌ಓವರ್ (ಒಂದು ಬಿದ್ದರೆ ಇನ್ನೊಂದು ಸರ್ವರ್ ಕೆಲಸ ಹಿಡಿಯುವುದು) ಇದ್ದಮೇಲೆ ಡೇಟಾ ಬ್ಯಾಕಪ್ ಯಾಕೆ?

ಉತ್ತರ: ಇಲ್ಲಿ ಅಳಿಸಿದ ಟೇಬಲ್ ರೆಪ್ಲಿಕಾದಲ್ಲೂ (ಡೇಟಾಬೇಸ್‌ನ ಜೊತೆಪ್ರತಿಯಲ್ಲೂ) ಅಳಿಯುತ್ತದೆ. ಬ್ಯಾಕಪ್ ಬೇರೆ ತೆಗೆಯಿರಿ.

ಪ್ರಶ್ನೆ: ‘ಶೂನ್ಯ ಡೌನ್‌ಟೈಮ್’ ಗ್ಯಾರಂಟಿ ಕೊಡುತ್ತಾರೆ, ತೆಗೆದುಕೊಳ್ಳಲೇ?

ಉತ್ತರ: ಪ್ಯಾಕೆಟ್‌ಗಳ ನಡುವಿನ ಡೀಫಾಲ್ಟ್ 1 ಸೆಕೆಂಡ್ ಅಂತರದಲ್ಲಿ, ಪ್ರಯಾರಿಟಿ 100ರ ಬ್ಯಾಕಪ್ ಎಚ್ಚೆತ್ತುಕೊಳ್ಳಲಿಕ್ಕೇ 3.6 ಸೆಕೆಂಡ್ ಬೇಕು, ತೆರೆದಿದ್ದ ಟಿಸಿಪಿ ಕನೆಕ್ಷನ್‌ಗಳು ಕಡಿದೇ ಹೋಗುತ್ತವೆ. ಗ್ಯಾರಂಟಿ ಕೊಟ್ಟವರ ಎದುರಲ್ಲೇ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿ ಮಾಸ್ಟರ್ ಆಫ್ ಮಾಡಿಸಿ.