ಹಳೇ ಪದ್ಮಿನಿ ಕಾರಿನ 1089 ಸಿಸಿ ಎಂಜಿನ್ ಮೈಸೂರಿನ ದಿನದ ಓಡಾಟಕ್ಕೆ ಸಾಕಾ?

ಊರೊಳಗೆ ಧಾರಾಳವಾಗಿ ಸಾಕು. ಪ್ರೀಮಿಯರ್ ಪದ್ಮಿನಿಯ ಶಕ್ತಿ ಸುಮಾರು 40 ಅಶ್ವಶಕ್ತಿ ಅಷ್ಟೇ, ಆದರೆ ಖಾಲಿ ಗಾಡಿಯ ತೂಕವೂ ಒಂದು ಟನ್ನಿಗಿಂತ ಕಡಿಮೆ ಅಲ್ವಾ. ಗೇರ್ ನಾಲ್ಕೇ, ಹೆಚ್ಚಿನವುಗಳಲ್ಲಿ ಅದೂ ಸ್ಟೇರಿಂಗ್ ಪಕ್ಕದ ಕೋಲಿನಲ್ಲಿ. ಸಯ್ಯಾಜಿರಾವ್ ರಸ್ತೆಯ ಗಿಜಿಗಿಜಿಯಲ್ಲಿ ಎರಡು, ಮೂರನೇ ಗೇರಿನಲ್ಲೇ ಆರಾಮಾಗಿ ಸಾಗುತ್ತದೆ.

ನಿಜವಾದ ಪರೀಕ್ಷೆ ಚಾಮುಂಡಿ ಬೆಟ್ಟದಲ್ಲಿ. ನಾಲ್ಕು ಜನ ಕೂತರೆ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಲೇಬೇಕು. ಎಂಜಿನ್ ಗೊಣಗುವವರೆಗೆ ಕಾಯಬೇಡಿ. ಒಮ್ಮೆ ಏಪ್ರಿಲ್ ಬಿಸಿಲಲ್ಲಿ ನನ್ನ ಗಾಡಿ ಬೆಟ್ಟದ ನಂದಿ ವಿಗ್ರಹಕ್ಕೆ ಹೋಗುವ ತಿರುವಿನ ಹತ್ತಿರ ನಿಂತೇಬಿಟ್ಟಿತು. ಎಂಜಿನ್ನಿಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪ್ ಕಾದು, ಒಳಗಿನ ಪೆಟ್ರೋಲ್ ಆವಿಯಾಗಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಸುಮ್ನೆ ಕೂತೆ, ಹೊರಟಿತು. ಅವತ್ತಿಂದ ಡಿಕ್ಕಿಯಲ್ಲಿ ಬಟ್ಟೆ, ನೀರಿನ ಬಾಟಲಿ ಖಾಯಂ.

ಬೆಂಗಳೂರು ಹೆದ್ದಾರಿಯಲ್ಲಿ 70ರ ಆಸುಪಾಸು ಸುಖ. ಅದಕ್ಕಿಂತ ಮೇಲೆ ಸದ್ದು ಜಾಸ್ತಿ, ಪಕ್ಕದವರ ಮಾತೇ ಕೇಳಿಸುವುದಿಲ್ಲ. ನನಗೆ ಎಂಜಿನ್ನಿಗಿಂತ ಬ್ರೇಕಿನ ಚಿಂತೆ. ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಹಳೇ ಕಾಲದ ಡ್ರಮ್ ಬ್ರೇಕೇ, ಈಗಿನ ಡಿಸ್ಕ್ ಬ್ರೇಕಿನಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಹಾಗಾಗಿ ಮುಂದಿನ ಗಾಡಿಯಿಂದ ದೂರ ಇರಿ. ಚಳಿಗಾಲದ ಬೆಳಿಗ್ಗೆ ಚೋಕ್ (ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲು ನೆರವಾಗುವ ಗುಬುಟು) ಎಳೆದು ಸ್ಟಾರ್ಟ್ ಮಾಡಿ, ಎರಡು ನಿಮಿಷ ಬಿಟ್ಟು ಹೊರಡಿ.