ಇಸ್ಪೀಟು ಚೆನ್ನಾಗಿ ಆಡ್ತೀರಿ, ಸರಿ. ರೇಕ್ ಲೆಕ್ಕ ಹಾಕಿದ್ದೀರಾ?

ನಾನು ಕಾರವಾರದವನು. ಪಣಜಿಯ ಮಾಂಡೋವಿ ಹೊಳೆಯಲ್ಲಿ ನಿಂತ ಕ್ಯಾಸಿನೋ ಹಡಗಿನಲ್ಲಿ ಹಲವು ವರ್ಷ ಪೋಕರ್ ಡೀಲರ್, ಅಂದರೆ ಎಲೆ ಹಂಚುವವನು, ಆಗಿದ್ದೆ. ಬರುವ ಪ್ರಶ್ನೆಗಳು ಮಾತ್ರ ಅವೇ ಅವೇ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ದೀಪಾವಳಿ ರಾತ್ರಿ ಇಸ್ಪೀಟಿನಲ್ಲಿ ಊರವರನ್ನೆಲ್ಲ ಸೋಲಿಸುತ್ತೇನೆ. ಕೆಲಸ ಬಿಟ್ಟು ಗೋವಾದಲ್ಲಿ ಪೋಕರ್ ಆಡಿ ಬದುಕಬಹುದಾ? (ಅಂಕೋಲಾ)

ಕೆಲಸ ಬಿಡಬೇಡಿ. ನಿಮ್ಮ ಜಗುಲಿಯಲ್ಲಿ ಒಬ್ಬ ಸೋತದ್ದು ಪೂರ್ತಿ ಇನ್ನೊಬ್ಬನ ಜೇಬಿಗೆ ಹೋಗುತ್ತದೆ. ಪೋಕರ್ ಮೇಜಿನಲ್ಲಿ ಹಾಗಲ್ಲ. ಎಲ್ಲರೂ ಕಟ್ಟಿದ ಪಣ ಮೇಜಿನ ನಡುವೆ ಸೇರುತ್ತದೆ, ಅದು ಪಾಟ್. ಪಾಟ್‌ನಿಂದ ಕ್ಯಾಸಿನೋ ತನ್ನ ಪಾಲು ತೆಗೆಯುತ್ತದೆ. ಅದೇ ರೇಕ್. ನನ್ನ ಕೈಯಿಂದಲೇ ತೆಗೆದಿದ್ದೇನೆ. ಪಾಟ್ ಬೆಳೆದ ಹಾಗೆ ಒಂದೆರಡು ಚಿಪ್ ಬದಿಗೆ ಸರಿಸಿಡುವುದು, ಆಟ ಮುಗಿದ ಕೂಡಲೇ ಮೇಜಿನ ಸೀಳಿನೊಳಗೆ ತಳ್ಳುವುದು. ಟಕ್ ಅಂತ ಸಣ್ಣ ಸದ್ದು. ಗೆದ್ದವನು ಚಿಪ್ಸ್ ಬಾಚಿಕೊಳ್ಳುವ ಖುಷಿಯಲ್ಲಿರುತ್ತಾನೆ, ಅವನಿಗೆ ಕೇಳುವುದೇ ಇಲ್ಲ.

ಎಂಟು ಜನ, ತಲೆಗೆ 20,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮೇಜಿನ ಮೇಲೆ 1,60,000. ಗಂಟೆಗೆ 25 ಆಟ, ಆಟಕ್ಕೆ ಸರಾಸರಿ 200 ರೇಕ್. ಗಂಟೆಗೆ 5,000 ಹೋಯಿತು. ಆರು ಗಂಟೆಗೆ 30,000. ಯಾರೇ ಗೆಲ್ಲಲಿ, ಎಂಟು ಜನರ ನಡುವೆ ಉಳಿದದ್ದು 1,30,000. ಪಕ್ಕದವನಿಗಿಂತ ಸ್ವಲ್ಪ ಚೆನ್ನಾಗಿ ಆಡುವವನೂ ಸೋತೇ ಏಳುತ್ತಾನೆ. ಬಹಳ ಜಾಸ್ತಿ ಚೆನ್ನಾಗಿ ಆಡಬೇಕು. ಅಂಥವರನ್ನು ನಾನು ಕಂಡದ್ದು ತೀರಾ ಕಮ್ಮಿ. ಅವರು ಕುಡಿಯುವುದಿಲ್ಲ, ಗಂಟೆಗಟ್ಟಲೆ ಎಲೆ ಬಿಸಾಕುತ್ತಾ ಸುಮ್ನೆ ಕೂತಿರುತ್ತಾರೆ.

ಬೋಟಿನ ಇಂಜಿನ್ ರಿಪೇರಿಗೆ ಇಟ್ಟ ದುಡ್ಡು ಬೆಳಗಿನ ಜಾವ ನಾಲ್ಕಕ್ಕೆ ನನ್ನ ಮೇಜಿನಲ್ಲೇ ಖಾಲಿಯಾದದ್ದನ್ನು ನೋಡಿದ್ದೇನೆ. ನಮ್ಮ ಕಡೆಯ ಹುಡುಗ. ಎಲೆ ಹಂಚುವವನು ಬಾಯಿ ಬಿಡುವಂತಿಲ್ಲ. ಅದಕ್ಕೇ ಈಗ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹೋಗಲೇಬೇಕು ಅಂತಿದ್ದರೆ, ಕೂರುವ ಮೊದಲು ರೇಕ್ ಶೇಕಡಾ ಎಷ್ಟು, ಒಂದು ಪಾಟ್‌ಗೆ ಹೆಚ್ಚೆಂದರೆ ಎಷ್ಟು ಅಂತ ಕೇಳಿ. ಸಣ್ಣ ಬ್ಲೈಂಡ್‌ನ ಮೇಜು ಹಿಡಿಯಿರಿ; ಬ್ಲೈಂಡ್ ಅಂದರೆ ಎಲೆ ಹಂಚುವ ಮೊದಲೇ ಕಟ್ಟಬೇಕಾದ ಪಣ. ಎಟಿಎಂ ಕಾರ್ಡು ಮನೆಯಲ್ಲಿರಲಿ. ಎಷ್ಟು ಒಯ್ದಿರಿ, ಎಷ್ಟು ತಂದಿರಿ, ಪ್ರತಿ ಸಲ ಬರೆದಿಡಿ. ಗೆದ್ದದ್ದು ಮಾತ್ರ ನೆನಪಿರುತ್ತದೆ, ಅಲ್ವಾ?

ಸತತ ಕೆಟ್ಟ ಎಲೆ ಬಂದರೆ ಮುಂದಿನದು ಒಳ್ಳೆಯದು ಬರಲೇಬೇಕಲ್ವಾ? (ಕುಮಟಾ)

ಇಲ್ಲ. ಪ್ರತಿ ಆಟಕ್ಕೂ ಹೊಸದಾಗಿ ಕಲೆಸುತ್ತಾರೆ. ಕೈಗೆ ಬರುವ ಮೊದಲ ಎರಡು ಎಲೆಯೇ ಎಕ್ಕದ ಜೋಡಿಯಾಗುವುದು ಸರಾಸರಿ 221 ಆಟಕ್ಕೆ ಒಂದು ಸಲ. ನಿನ್ನೆಯ ಸೋಲಿಗೆ ಅದು ಬದಲಾಗುವುದಿಲ್ಲ.

ಆಟದಲ್ಲಿ ಗೆಲ್ಲಲು ಮಂತ್ರಿಸಿದ ಉಂಗುರ ಕೊಡುತ್ತಾರಂತೆ? (ಶಿರಸಿ)

ಮಾರುವವನು ಕಳ್ಳ. ಪೊಲೀಸರಿಗೆ ಹೇಳಿ.

ಆ್ಯಪ್‌ನಲ್ಲಿ ದುಡ್ಡಿಟ್ಟು ಆಡಬಹುದಾ?

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಬೇಡ.

ಮಗನಿಗೆ ಡೀಲರ್ ಕೆಲಸ ಕೊಡಿಸಲು ಏಜೆಂಟ್ ಡಿಪಾಸಿಟ್ ಕೇಳುತ್ತಿದ್ದಾನೆ. ಕೊಡಲಾ? (ಹೊನ್ನಾವರ)

ಒಂದು ಪೈಸೆಯೂ ಕೊಡಬೇಡಿ, ಅಮ್ಮಾ. ಮಗ ತಾನೇ ಹೋಗಿ ಕೇಳಲಿ. ಬಾಯಿಲೆಕ್ಕ ಚುರುಕಿರಬೇಕು, ಕೈ ಶುದ್ಧವಿರಬೇಕು. ಮೇಜು ಬಿಟ್ಟು ಏಳುವಾಗ ಎರಡೂ ಅಂಗೈ ಹಿಂದೆ ಮುಂದೆ ತಿರುಗಿಸಿ ಕ್ಯಾಮೆರಾಕ್ಕೆ ತೋರಿಸಬೇಕು, ಅಷ್ಟು ನಿಗಾ ಇರುತ್ತದೆ. ರಾತ್ರಿ ಪಾಳಿ ತಪ್ಪಿದ್ದಲ್ಲ. ಅದು ಅವನ ಮೈಗೆ ಒಗ್ಗುತ್ತದಾ ಅಂತ ಮೊದಲು ನೋಡಿ. ಮತ್ತೆ, ಅವನಿಗೆ ಆಡುವ ಚಟ ಇದ್ದರೆ ಈ ಕೆಲಸಕ್ಕೆ ಕಳಿಸಲೇಬೇಡಿ.